ಪಡ್ಡಿನ ಹಂಚಿನಲ್ಲಿ ಫ್ರೆಂಚ್ ಕೇಕು

ಬನಹಟ್ಟಿ, ಸೋಮವಾರ

ಮುದ್ದಿನ ಸೊಸೆ ವೈಶಾಲಿಗೆ ಅತ್ತೆ ಸಾವಿತ್ರೆವ್ವನ ಆಶೀರ್ವಾದ.

ನೀನು ಫೋನು ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಮಗ ಚಿದಾನಂದನ ಕೈಯಲ್ಲಿ ನಿನ್ನ ತವರಿಗೆ ಕಳಿಸಿದ್ದೇನೆ. ಗಂಡನ ಮೇಲೆ ಸಿಟ್ಟಾಗಬೇಡ. ಲಿಂಗಪೂಜೆಯ ಮನೆಯಲ್ಲಿ ತತ್ತಿ ಒಡೆಯಬೇಡ ಎಂದವಳು ನಾನು.

ನೀನು ಮುನಿಸಿಕೊಂಡು ಹೋದಮೇಲೆ, ನೀನು ಮಾಡಹೊರಟಿದ್ದ ಆ ಫ್ರೆಂಚ್ ಬೆಣ್ಣೆ ಕೇಕನ್ನು ನಾನೇ ಮಾಡಿ ನೋಡಿದೆ. ತತ್ತಿಯ ಬದಲು ಮೊಸರು ಹಾಕಿದೆ, ನಿನ್ನ ಚಿಪ್ಪಿನಾಕಾರದ ಕೇಕಿನ ಅಚ್ಚು ಮುಟ್ಟಲು ಅಂಜಿ ಪಡ್ಡಿನ ಹಂಚಿಗೆ ಹೊಯ್ದೆ. ನಿನ್ನ ಮಾವ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, "ಪಡ್ಡು ಛಲೋ ಆಗ್ಯಾವ, ಸಕ್ರಿ ಯಾಕ ಹಾಕಿದಿ?" ಎಂದರು. ಅಷ್ಟೂ ಬೆಣ್ಣೆ ದಂಡ!

ಸೀರೆ ವ್ಯಾಪಾರದವಳು ನಾನು, ಚೌಕಾಸಿ ಮಾಡಿ ಇಬ್ಬರಿಗೂ ಒಪ್ಪುವ ದಾರಿ ಹುಡುಕಿದ್ದೇನೆ. ಅಂಗಳದಾಚೆಯ ಮಗ್ಗದ ಕೋಣೆಯಲ್ಲಿ ಮೂಲೆ ತೆರವು ಮಾಡಿಸಿ ನಿನ್ನ ಓವನ್ ಇಡಿಸಿದೆ. ಪೂಜೆ ಒಳಗೆ, ತತ್ತಿ ಹೊರಗೆ. ತತ್ತಿ ತರಲು ಇವತ್ತು ನಾನೇ ಹೋದೆ. ಅಂಗಡಿಯ ರೇಷ್ಮಾ, "ಅಕ್ಕಾರ, ಅಂಗಡಿ ತಪ್ಪಿ ಬಂದ್ರೇನ?" ಎಂದು ನಕ್ಕಳು. "ನಾಳೆ ನಮ್ಮ ಸೊಸಿ ಬರತಾಳ, ಬೇಕಾಗ್ತಾವ" ಎಂದುಬಿಟ್ಟೆ.

ಈ ಪೇಟೆಯಲ್ಲಿ ನನ್ನ ಮಾತು ಇದುವರೆಗೆ ಸುಳ್ಳಾಗಿಲ್ಲ. ಚಿದಾನಂದನ ಗಾಡಿ ಮೇಲೆಯೇ ಕೂತು ಬಾ.

ದಾರಿ ನೋಡುತ್ತಿರುವ,
ನಿನ್ನ ಅತ್ತೆ