ಒಂದು ಟ್ಯೂಬು, ಎರಡು ಜ್ವರ

ಜೂನ್ 5, ಗುರುವಾರ

ಮತ್ತೆ ಪೆಟ್ಟಿಗೆ. ಡ್ರೈ ಐಸ್ ತುಂಬಿ, ಟೇಪು ಸುತ್ತಿ, ಕೊರಿಯರ್ ಅಣ್ಣನ ಕೈಗೆ ಕೊಟ್ಟೆ. ನಮ್ಮ ಆಸ್ಪತ್ರೆಯ ಜ್ವರದ ಮಕ್ಕಳ ರಕ್ತ ಪರೀಕ್ಷೆಗೆಂದು ದೂರದ ಲ್ಯಾಬಿಗೆ ವಿಮಾನ ಹತ್ತಿತು. ವರದಿ ಬರುವುದು ಮುಂದಿನ ತಿಂಗಳು. ಅಷ್ಟರಲ್ಲಿ ಮಗು ಮನೆಗೆ ಹೋಗಿರುತ್ತದೆ, ಇಲ್ಲವೇ… ಬೇಡ.

ಅತ್ತೆ ಕೇಳಿದರು, "ಅಷ್ಟೆಲ್ಲ ಓದಿ ನೀನು ಮಾಡೋದು ಪ್ಯಾಕಿಂಗ್ ಕೆಲಸಾನಾ?" ನಕ್ಕೆ. ಮಾತು ಚುಚ್ಚಿತು ಕೂಡ.

ಜೂನ್ 10, ಮಂಗಳವಾರ

ಹೊರದೇಶದ ಸರ್ಕಾರದ ಅನುದಾನದಲ್ಲಿ ಬಂದ, ರಕ್ತದಲ್ಲಿ ಜ್ವರದ ರೋಗಾಣು ಹುಡುಕುವ ಯಂತ್ರ ಕೊನೆಗೂ ಓಡಿತು. ಹಿಂದಿನ ಸಲ ಬರೀ ಯಂತ್ರ ಕೊಟ್ಟು ಕೈ ತೊಳೆದುಕೊಂಡಿದ್ದರು. ಅದರ ಮೇಲೆ ಫೈಲು ಜೋಡಿಸಿದೆವು. ಈ ಸಲ ಪಕ್ಕದಲ್ಲೇ ನಿಂತು ತಿಂಗಳುಗಟ್ಟಲೆ ಕಲಿಸಿದ್ದಾರೆ.

ಈಗ ನಮಗೇ ಪರೀಕ್ಷೆ. ಅವರಿಂದ ಗುಟ್ಟಿನ ಟ್ಯೂಬುಗಳು ಬರುತ್ತವೆ, ಯಾವುದರಲ್ಲಿ ಯಾವ ಜ್ವರ ಎಂದು ಹೇಳಬೇಕು. ಪಾಸಾದರೆ ಮಕ್ಕಳ ರಕ್ತ ಇನ್ನು ಇಲ್ಲೇ. ಫೇಲಾದರೆ ನಾನು ಮತ್ತು ನನ್ನ ಟೇಪು.

ಜೂನ್ 18, ಬುಧವಾರ, ಸಂಜೆ 5

ಪರೀಕ್ಷೆಯ ಒಂದು ಟ್ಯೂಬಿನಲ್ಲಿ ಎರಡು ಜ್ವರ! ಎಲ್ಲ ತೊಳೆದು ಮತ್ತೆ ಓಡಿಸಿದೆ. ಮತ್ತೆ ಎರಡೇ.

ಡೈರೆಕ್ಟರ್ ಬೆವರಿದರು. "ನಮ್ ಕೈಯಲ್ಲೇ ಏನೋ ಬೆರೆತಿದೆ ಕಣಮ್ಮ. ಒಂದೇ ಬರೆದುಬಿಡು, ಮಾನ ಉಳಿಯುತ್ತೆ."

"ಕಂಡಿದ್ದನ್ನ ಬರೀತೀನಿ ಸರ್."

"ಬರಿ. ಫೇಲಾದ್ರೆ ನಿನ್ ತಲೆಗೇ."

ಇದೇ ನಮ್ಮ ರೋಗ, ನಮ್ಮ ಕೈಯನ್ನು ನಾವೇ ನಂಬುವುದಿಲ್ಲ. ಎರಡೂ ಬರೆದು ಕಳಿಸಿದೆ. ದೊಡ್ಡ ಮಾತೇನೋ ಆಡಿದೆ, ಆಮೇಲೆ ಕಳಿಸಿದ್ದರ ನಕಲನ್ನು ಮೂರು ಸಲ ತೆಗೆದು ನೋಡಿದೆ.

ಜುಲೈ 8, ಮಂಗಳವಾರ

ಪಾಸು!! ಆ ಟ್ಯೂಬಿನಲ್ಲಿ ಬೇಕೆಂದೇ ಎರಡು ಬೆರೆಸಿದ್ದರಂತೆ. ಡೈರೆಕ್ಟರ್ ಕ್ಯಾಂಟೀನಿನಲ್ಲೆಲ್ಲ ಸಾರಿಬಂದರು, "ಧೈರ್ಯ ಕೊಟ್ಟಿದ್ದೇ ನಾನು." ಹೇಳಿಕೊಳ್ಳಲಿ ಬಿಡು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ನನಗೆ.

ಅತ್ತೆ: "ಹಾಗಾದ್ರೆ ಪ್ಯಾಕಿಂಗ್ ಕೆಲಸ ಹೋಯ್ತಾ?"

"ಹೋಯ್ತು ಅತ್ತೆ."

"ಒಳ್ಳೇದಾಯ್ತು ಬಿಡು."

ಜುಲೈ 10, ಗುರುವಾರ

ಹಳೇ ಚಾಳಿ ಎಲ್ಲಿ ಬಿಡುತ್ತದೆ? ಬಂದವಳೇ ಐಸ್ ತುಂಬಿ ಟೇಪು ಸುತ್ತಿಬಿಟ್ಟೆ. ಕೊರಿಯರ್ ಅಣ್ಣ ಎತ್ತಿ ನೋಡಿ, "ಏನಕ್ಕ, ಒಳಗೇನೂ ಅಲ್ಲಾಡ್ತಾನೇ ಇಲ್ಲ?" ಹೌದಲ್ಲ! ಒಳಗೆ ಟ್ಯೂಬೇ ಇಟ್ಟಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಪರೀಕ್ಷೆ ಇನ್ನು ಇಲ್ಲೇ ಎಂದು ಹೇಳಿದೆ.

"ಹಾಗಾದ್ರೆ ಇನ್ಮೇಲೆ ಬರೋದು ಬೇಡ್ವಾ?" ಮುಖ ಸಣ್ಣದಾಯಿತು, ಪಾಪ.

"ಟೀ ಕುಡಿಯೋಕೆ ಬಾ" ಅಂದೆ.

ಅದೇ ದಿನ, ಸಂಜೆ 4

ವಾರ್ಡಿನಿಂದ ಬೆಳಿಗ್ಗೆ ಬಂದ ರಕ್ತ, ಒಂದು ಹೆಣ್ಣುಮಗುವಿನದು. ಎರಡು ಜ್ವರ. ನಿಜವಾಗಲೂ ಎರಡು. ಔಷಧ ನಡೆಯುತ್ತಿರುವುದು ಒಂದಕ್ಕೆ ಮಾತ್ರ. ಫೋನಿಗೆ ಓಡಿದೆ.

"ರಿಪೋರ್ಟ್ ಮುಂದಿನ ತಿಂಗಳು ತಾನೇ?" ಎಂದರು ವಾರ್ಡಿನ ಡಾಕ್ಟರು.

"ಇಲ್ಲ ಡಾಕ್ಟ್ರೇ, ಈಗಲೇ. ಬರ್ಕೊಳ್ಳಿ."

ಆ ಕಡೆ ಪೆನ್ನಿಗಾಗಿ ತಡಕಾಡುವ ಸದ್ದು.

ಜುಲೈ 12, ಶನಿವಾರ

ಡಾಕ್ಟರು ತಾವೇ ಫೋನ್ ಮಾಡಿದ್ದರು. ಆ ಮಗುವಿಗೆ ಎರಡನೇ ಔಷಧವೂ ಶುರುವಾಗಿ ಜ್ವರ ಇಳಿದಿದೆಯಂತೆ. ಎದ್ದು ಕೂತು ನರ್ಸಿನ ಪೆನ್ನು ಕಿತ್ತುಕೊಂಡು ಕೊಡುತ್ತಲೇ ಇಲ್ಲವಂತೆ ಹುಡುಗಿ. ಅತ್ತುಬಿಟ್ಟೆ, ಯಾರೂ ನೋಡಲಿಲ್ಲ. ಮಧ್ಯಾಹ್ನ ಹೋಗಿ ಅವಳ ಮುಖ ನೋಡಿಕೊಂಡು ಬರಬೇಕು—

ತಡಿ, ಬಾಗಿಲು ಬಡಿಯುತ್ತಿದ್ದಾರೆ. ಇನ್ನೊಂದು ಟ್ಯೂಬು ಬಂತು. ಉಳಿದದ್ದು ಆಮೇಲೆ.