ದಮಾಮಿ ಕಾಯಿಸುವಾಗಿನ ಹಾಡು

ಕಣಗಿಲಕೊಪ್ಪದ ಕಲಾಮನೆ
ಕಲಾಮನೆ ಕಟ್ಟಿದ ಇನ್ನೂರನೇ ವರ್ಷ, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ

ರೇವತಿ,

ಹೆಸರು ಹಿಡಿದು ಕರೆದೆನೆಂದು ಸಿಟ್ಟಾಗಬೇಡ. ನೀನು ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳು, ನಿಜ. ಆದರೆ ಈ ಕಾಗದ ನಿನಗೆ ಸೇರಬೇಕಾದ ದಿನ ನಿನಗೆ ಹತ್ತೊಂಬತ್ತು ವರ್ಷ, ಬರೆಯುವ ನನಗೆ ಎಪ್ಪತ್ತೊಂದು. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಬಹುದು, ಅದನ್ನೂ ಹೊಟ್ಟೆಗೆ ಹಾಕಿಕೋ. ಎರಡನೇ ಬೇಸಿಗೆ ಎಂದರೆ ನೀವು ದೀಪಾವಳಿ ಮಾಡುತ್ತಿದ್ದ ಕಾಲ.

ಜಿಲ್ಲೆಯ ಬಡಗು ತುದಿಯ ಈ ಕಲಾಮನೆ ಇನ್ನೂ ನಿಂತಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಮಗೆ ‘ತಂಪುಪಾಳಿ’. ಅಂದರೆ ಊರಿಗೆ ಊರೇ ನೆಲದಡಿಯ ಕೋಣೆಗಳಲ್ಲಿ ಕೂತು, ಕಾಳು ಹಸನು ಮಾಡುತ್ತ, ಮಕ್ಕಳಿಗೆ ಪಾಠ ಹೇಳುತ್ತ, ಬಿಸಿಲು ಇಳಿಯುವುದನ್ನು ಕಾಯುವುದು. ಆಗ ಯಾರಾದರೂ ‘ದನಿಗಡಿಗೆ’ ತೆರೆಯುತ್ತಾರೆ. ಹಳೆಯ ದನಿಗಳನ್ನೆಲ್ಲ, ಅವುಗಳ ಜೊತೆಗಿನ ಚಿತ್ರಗಳನ್ನೂ ತುಂಬಿಟ್ಟ ಪೆಟ್ಟಿಗೆ ಅದು. ನೀನು ಮೊಬೈಲಿನಲ್ಲಿ ಹಿಡಿದದ್ದೂ ಅದರಲ್ಲಿದೆ: ಕಲಾಮನೆಯ ಇಪ್ಪತ್ತೈದನೇ ವಾರ್ಷಿಕೋತ್ಸವದಲ್ಲಿ ನಮ್ಮ ಸಿದ್ದಿ ಜನ ಚರ್ಮದ ದೊಡ್ಡ ದಮಾಮಿ ಬಾರಿಸಿ ಹಾಡಿದ್ದು. ಅತಿಥಿಗಳ ಉದ್ದುದ್ದ ಭಾಷಣವನ್ನು ಒಂದಕ್ಷರ ಬಿಡದೆ ಹಿಡಿದಿದ್ದೀಯಲ್ಲ ಮಾರಾಯ್ತಿ! ಶಾಲು ಹೊದಿಸುವಾಗಿನ ಚಪ್ಪಾಳೆಯನ್ನೂ ಬಿಟ್ಟಿಲ್ಲ. ವೇದಿಕೆಯ ಹಾಡುಗಳೆಲ್ಲ ಈಗ ನಮ್ಮ ಮಕ್ಕಳಿಗೆ ಬಾಯಿಪಾಠ.

ಆದರೆ ಎಲ್ಲಕ್ಕಿಂತ ಮೊದಲು ಒಂದು ಚಿಕ್ಕ ತುಣುಕಿದೆ. ಕಲಾಮನೆಯ ಹಿತ್ತಲು, ಮಧ್ಯಾಹ್ನ. ಒಣಸೊಪ್ಪು ಚಟಪಟ ಉರಿಯುತ್ತಿದೆ. ನಿನ್ನ ಅಜ್ಜಿ ಗಣಪಿ ದಮಾಮಿಯ ಚರ್ಮವನ್ನು ಬೆಂಕಿಯ ಕಾವಿಗೆ ಹಿಡಿದು, ಬಿಗಿಯಾಯಿತೇ ಎಂದು ಬೆರಳಿನಿಂದ ತಟ್ಟಿ ನೋಡುತ್ತಿದ್ದಾಳೆ. ತಟ್ಟುತ್ತಲೇ ಏನೋ ಹಾಡತೊಡಗುತ್ತಾಳೆ. ಒಂದು ಸಾಲೂ ಮುಗಿದಿಲ್ಲ, ಅಷ್ಟರಲ್ಲಿ ಅವಳಿಗೆ ನೀನು ಕಾಣುತ್ತೀಯ.

“ಏ ರೇವತಿ, ಬಂದ್ ಮಾಡೇ ಅದ್ನ. ಇದೆಂತ ಹಾಡು ಅಂತ ಹಿಡೀತೀಯೆ? ಚರ್ಮ ಕಾಯ್ಸೋ ಕೆಲ್ಸ ಇದು. ಕಾರ್ಯಕ್ರಮ ಇನ್ನೂ ಶುರು ಆಗ್ಲಿಲ್ಲ.”

ನೀನು ಒಳ್ಳೆಯ ಹುಡುಗಿ, ಬಂದ್ ಮಾಡಿಬಿಟ್ಟೆ.

ಆಮೇಲೆ ದಮಾಮಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹೊದಿಕೆ ಬಂತು. ಕಾಯಿಸುವ ಕೆಲಸ ತಪ್ಪಿತು, ಅದರ ಜೊತೆಗೆ ಆ ಹಾಡೂ ಹೋಯಿತು. ಜನ ಕೂತು ನೋಡಿದ್ದು ಮಾತ್ರ ಕಲೆ, ಉಳಿದದ್ದೆಲ್ಲ ಬರೀ ಕೆಲಸ ಎಂದುಕೊಂಡೆವು ನಾವು. ಅಜ್ಜಿಯೂ ಹಾಗೇ ಅಂದುಕೊಂಡಿದ್ದಳು, ಪಾಪ.

ಈಗ ಬಯಲಲ್ಲಿ ಬೆಂಕಿ ಹಾಕಲು ಊರಿನ ಪ್ರತಿ ಮನೆಯ ಒಪ್ಪಿಗೆ ಬೇಕು. ಹನ್ನೊಂದು ವರ್ಷ ಮನೆಮನೆ ಸುತ್ತಿ, ಕಾಡಿ ಬೇಡಿ, ಇನ್ನೂರನೇ ವಾರ್ಷಿಕೋತ್ಸವಕ್ಕೆಂದು ಒಂದೇ ಒಂದು ಬೆಂಕಿಗೆ ಅಪ್ಪಣೆ ಪಡೆದಿದ್ದೇನೆ. ನಾಡಿದ್ದು ಅದನ್ನು ಹೊತ್ತಿಸಬೇಕು. ಅಜ್ಜಿಯ ದಮಾಮಿಗೆ ಮತ್ತೆ ಆಡಿನ ಚರ್ಮ ಬಿಗಿದಿದ್ದೇವೆ. ಎಲ್ಲ ಇದೆ, ಹಾಡೊಂದೇ ಇಲ್ಲ. ಆ ಅರ್ಧ ಸಾಲನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮುಂದಿನದು ಈಗ ಬಂದೀತು ಎಂದು ಪ್ರತಿ ಸಲವೂ ಕಿವಿ ನೆಟ್ಟಗಾಗುತ್ತದೆ. ಅಜ್ಜಿಯ ಪಕ್ಕದಲ್ಲಿ ಒಂದು ಗಳಿಗೆ ಕೂರಬೇಕೆಂಬ ಆಸೆಗೆ ಈ ವಯಸ್ಸಿನಲ್ಲೂ ಅಳು ಬರುತ್ತದೆ.

ಹಿರಿಯರ ಮಾತು ಮೀರಬೇಡಿ ಎಂದು ಮಕ್ಕಳಿಗೆ ಹೇಳುವವಳು ನಾನು. ನಿನಗೂ ಮೀರು ಎನ್ನುವುದಿಲ್ಲ. ಅಜ್ಜಿ ಬಂದ್ ಮಾಡು ಎಂದಾಗ ಹೂಂ ಎಂದು ಮೊಬೈಲು ಬದಿಗಿಡು. ಎದ್ದು ಮಾತ್ರ ಹೋಗಬೇಡ. ವೇದಿಕೆಯ ಕಡೆ ಕುರ್ಚಿ ಹಾಕಲು ಬೇರೆಯವರಿದ್ದಾರೆ. ನೀನು ಅವಳ ಪಕ್ಕ ಕೂತು ಬೆಂಕಿಗೆ ಸೊಪ್ಪು ಹಾಕು. ಅವಳು ಮತ್ತೆ ಹಾಡುತ್ತಾಳೆ, ನೀನೂ ದನಿಗೂಡಿಸು. ನಿನಗೆ ಬಂದರೆ ನಿನ್ನ ಮಗಳಿಗೆ ಬಂದೀತು, ಅವಳಿಂದ ಅವಳ ಮಗಳಿಗೆ.

ನಾಡಿದ್ದು ಬೆಂಕಿಯ ಮುಂದೆ ನಾನು ಬಾಯಿ ತೆರೆಯುತ್ತೇನೆ. ಹಾಡು ಬಂದರೆ, ನೀನು ಅಂದು ಕೂತೆ ಎಂದು ತಿಳಿಯುತ್ತೇನೆ.

ಅಜ್ಜಿಯ ಹೆಸರನ್ನೇ ಹೊತ್ತ,
ಗಣಪಿ