ತಾವು ಬರುತ್ತೀರೆಂದು ಎಬ್ಬಿಸಿದ ಧೂಳು

ಧಾನ್ಯ ಗೋದಾಮುಗಳ ಸುರಕ್ಷತಾ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಗೋದಾಮಿಗೆ ಬೆಂಕಿ ಬಿದ್ದದ್ದು ತಾವು ಬರುತ್ತೀರೆಂಬ ಕಾರಣಕ್ಕೆ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ತಮ್ಮ ಕಚೇರಿಯ ಹನ್ನೊಂದು ಪುಟದ ವರದಿ ಕಳೆದ ವಾರ ನಮ್ಮ ಸೂಚನಾ ಫಲಕಕ್ಕೆ ಬಂತು. ಅದರ ಪ್ರಕಾರ ಬೆಂಕಿಗೂ, ಚೀಲ ಹೊಲಿಯುವ ಯಜಮಾನರ ಸಾವಿಗೂ, ಇನ್ನಿಬ್ಬರ ಸುಟ್ಟ ಗಾಯಕ್ಕೂ ಕಾರಣ ಒಬ್ಬನೇ: ಯಂತ್ರ ನಿಲ್ಲಿಸದೆ ಗಾಳಿ ಪೈಪು ಹಿಡಿದ ನೌಕರ. ಆ ನೌಕರ ನನ್ನ ಮೈದುನ. ಈಗ ಎರಡೂ ಕೈಗೆ ಮೊಣಕೈವರೆಗೆ ಕಟ್ಟು ಹಾಕಿಸಿಕೊಂಡು, ಒಬ್ಬ ಮನುಷ್ಯನನ್ನು ತಾನೇ ಕೊಂದೆ ಎಂದು ನಂಬಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಕೇಳಿದ್ದೆ. ಬರೆಯನ್ನು ಮೊಹರು ಒತ್ತಿ, ಪುಟಸಂಖ್ಯೆ ಹಾಕಿ ಎಳೆಯುವ ಪದ್ಧತಿ ಇದೆಯೆಂದು ಈಗ ತಿಳಿಯಿತು.

ನಾನು ಹತ್ತೊಂಬತ್ತು ವರ್ಷಗಳಿಂದ ಅದೇ ಗೋದಾಮಿನಲ್ಲಿ ಗುಡಿಸುವವರ ಮೇಲ್ವಿಚಾರಕಿ. ಆರು ಜನ ನನ್ನ ಮಾತು ಕೇಳುತ್ತಾರೆ, ಏಳನೆಯವನು ನನ್ನ ಮೈದುನ, ಅವನು ಕೇಳಿದಂತೆ ನಟಿಸುತ್ತಾನೆ. ತಾವು ಪದವಿಗಳ ಮೇಲೆ ಪದವಿ ಪಡೆದವರು, ನಾನು ಶಾಲೆಯ ಕೊನೆಯ ಪರೀಕ್ಷೆಯನ್ನು ಎರಡನೇ ಸಲಕ್ಕೆ ದಾಟಿದವಳು. ಆದರೂ ಧೂಳಿನ ವಿಷಯದಲ್ಲಿ ತಮಗೆ ನಾಲ್ಕು ಮಾತು ಹೇಳುವ ಅರ್ಹತೆ ನನಗಿದೆ, ಏಕೆಂದರೆ ತಾವು ಅದನ್ನು ಕಡತದಲ್ಲಿ ಕಂಡಿದ್ದೀರಿ, ನಾನು ಪ್ರತಿದಿನ ಉಗುಳಿದ್ದೇನೆ. ಒಂದು ಗುಡ್ಡೆ ಜೋಳದ ಹಿಟ್ಟಿಗೆ ಬೆಂಕಿಕಡ್ಡಿ ತಾಗಿಸಿದರೆ ಅದು ಕಪ್ಪಗಾಗಿ ಹೊಗೆಯಾಡುತ್ತದೆ, ಅಷ್ಟೇ. ಅದೇ ಹಿಟ್ಟು ಮುಚ್ಚಿದ ಕೋಣೆಯ ಗಾಳಿಯಲ್ಲಿ ಮೋಡದಂತೆ ತುಂಬಿಕೊಂಡಾಗ ಒಂದು ಕಿಡಿ ಸಾಕು, ಬಾಗಿಲು ಗೋಡೆ ಸಮೇತ ಹಾರುತ್ತದೆ. ಲಾರಿಯಿಂದ ಕಾಳು ಸುರಿಯುವಾಗ, ಬೆಲ್ಟಿನ ಮೇಲೆ ಓಡುವಾಗ, ಮೇಲಿನಿಂದ ಕಣಜಕ್ಕೆ ಬೀಳುವಾಗ ಏಳುವ ಧೂಳು ತೊಲೆಗಳ ಮೇಲೆ, ಕೊಳವೆಗಳ ಬೆನ್ನ ಮೇಲೆ, ಸ್ವಿಚ್ಚಿನ ಪೆಟ್ಟಿಗೆಯ ತಲೆಯ ಮೇಲೆ ಕೂರುತ್ತದೆ. ಕೂತಿರುವಷ್ಟು ಹೊತ್ತು ಅದು ಬಡಪಾಯಿ. ಎಬ್ಬಿಸಿದರೆ ಮಾತ್ರ ರಾಕ್ಷಸ.

ಹಾಗಾದರೆ ಅದನ್ನು ಎಬ್ಬಿಸುವವರು ಯಾರು? ಇಲ್ಲಿ ತಮ್ಮ ಪ್ರವೇಶವಾಗುತ್ತದೆ, ಸ್ವಾಮಿ.

ತಮ್ಮ ಭೇಟಿಗೆ ಹತ್ತು ದಿನ ಮೊದಲು ಒಂದು ಪತ್ರ ಬರುತ್ತದೆ. ದಿನಾಂಕ, ವೇಳೆ, ಜೊತೆಗೆ ಬರುವವರ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಹೆಣ್ಣು ನೋಡಲು ಬರುವವರು ಕೂಡ ಇಷ್ಟು ವಿವರವಾಗಿ ಹೇಳಿ ಕಳಿಸುವುದಿಲ್ಲ. ಅಂದಿನಿಂದ ನಮ್ಮಲ್ಲಿ ಶುರುವಾಗುವುದಕ್ಕೆ ಒಂದು ಹೆಸರೇ ಇದೆ: ಸಾಹೇಬರ ಗುಡಿಸಾಟ. ವರ್ಷವಿಡೀ ಯಾರೂ ತಲೆಯೆತ್ತಿ ನೋಡದ ತೊಲೆಗಳ ಮೇಲಿನ ಧೂಳನ್ನು ಹತ್ತು ದಿನದಲ್ಲಿ ಇಳಿಸಬೇಕು. ಮೆತ್ತನೆಯ ಪೊರಕೆಯಿಂದ ಮೆಲ್ಲಗೆ ಇಳಿಸಿದರೆ ತಿಂಗಳು ಬೇಕು. ಧೂಳು ಹೀರುವ ಯಂತ್ರವಿದ್ದರೆ ನಾಲ್ಕು ದಿನ ಸಾಕು. ಯಂತ್ರ ಇದೆ. ತಂದಾಗಿನಿಂದ ಕೆಡುತ್ತಲೇ ಇದ್ದು, ಹದಿನಾಲ್ಕು ತಿಂಗಳಿಂದ ಪೂರ್ತಿ ಕೆಟ್ಟು, ತಾಡಪಾಲು ಹೊದ್ದು ಮೂಲೆಯಲ್ಲಿ ಕೂತಿದೆ. ಕಳೆದ ಸಲ ತಾವು ಬಂದಾಗ ಅದಕ್ಕೆ ಹೊಸ ಹಸಿರು ಬಣ್ಣ ಬಳಿದಿದ್ದರು. ತಾವು ಅದರ ಬೆನ್ನು ತಟ್ಟಿ, ಚೆನ್ನಾಗಿಟ್ಟುಕೊಂಡಿದ್ದೀರಿ ಎಂದಿರಿ. ಬಣ್ಣ ಇನ್ನೂ ಒಣಗಿರಲಿಲ್ಲ, ತಮ್ಮ ಅಂಗೈಗೆ ಅಂಟಿತ್ತು. ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟವಳು ನಾನೇ. ಚಾಲೂ ಮಾಡಿ ತೋರಿಸಿ ಎಂದು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಆದ್ದರಿಂದ ನಮಗೆ ಉಳಿಯುವುದು ಗಾಳಿ ಪೈಪು. ಕಂಪ್ರೆಸರ್‌ಗೆ ಸಿಕ್ಕಿಸಿ ತೊಲೆಯತ್ತ ಹಿಡಿದರೆ ವರ್ಷದ ಧೂಳು ಒಂದೇ ಉಸಿರಿಗೆ ಹಾರುತ್ತದೆ. ಹಾರಿ ಎಲ್ಲಿಗೆ ಹೋಗುತ್ತದೆ? ಗಾಳಿಗೆ. ಅಂದರೆ ಸುರಕ್ಷತೆಯ ತಪಾಸಣೆಗಾಗಿ ನಾವು ಪ್ರತಿ ವರ್ಷ ಗೋದಾಮನ್ನು ಸ್ಫೋಟಕ್ಕೆ ಸಿದ್ಧ ಮಾಡುತ್ತಿದ್ದೆವು. ಎಲ್ಲ ಯಂತ್ರಗಳನ್ನು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಆಮೇಲಷ್ಟೇ ಪೈಪು ಹಿಡಿಯಬೇಕೆಂದು ತಮ್ಮದೇ ನಿಯಮಪುಸ್ತಕ ಹೇಳುತ್ತದೆ. ಓದಿದ್ದೇನೆ. ಅದು ಮ್ಯಾನೇಜರರ ಕೋಣೆಯಲ್ಲಿ, ಅಲುಗಾಡುವ ಮೇಜಿನ ಕಾಲ ಕೆಳಗಿದೆ. ಓದಬೇಕೆಂದಾಗ ಮೇಜು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು.

ನನ್ನ ಮೈದುನನ ಬಗ್ಗೆ ತಮಗೆ ಗೊತ್ತಿರುವುದು ಅವನ ನೌಕರ ಸಂಖ್ಯೆ ಮಾತ್ರ. ಗೋದಾಮಿನಲ್ಲಿ ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಆರಡಿ ಮೂರಂಗುಲ ಎತ್ತರ. ಮದುವೆಯಾಗಿ ಬಂದ ಹೊಸದರಲ್ಲಿ ಅಟ್ಟದ ಡಬ್ಬಿ ತೆಗೆದುಕೊಡಲು ನಾನು ಇವನನ್ನೇ ಕರೆಯುತ್ತಿದ್ದೆ, ಇವನು ಅದರೊಳಗಿನ ಬೆಲ್ಲವನ್ನು ತೆರಿಗೆಯೆಂದು ತಿನ್ನುತ್ತಿದ್ದ. ಗೋದಾಮಿಗೆ ಸೇರಿಸಿದ್ದೂ ನಾನೇ. ಎತ್ತರದ ತೊಲೆಗಳೆಲ್ಲ ಅವನ ಪಾಲು. ಅವನಿಗೆ ಒಂದು ಕೆಟ್ಟ ಚಾಳಿಯಿದೆ. ಇಸ್ತ್ರಿ ಮಾಡಿದ ಅಂಗಿಯವರು ಯಾರೇ ಎದುರಿಗೆ ನಿಂತರೂ ಮೊದಲು ತಪ್ಪಾಯ್ತು ಎನ್ನುತ್ತಾನೆ. ಬಸ್ಸಿನಲ್ಲಿ ಯಾರೋ ಇವನ ಕಾಲು ತುಳಿದರೂ ಇವನೇ ತಪ್ಪಾಯ್ತು ಎನ್ನುತ್ತಾನೆ. ಅಷ್ಟು ಉದ್ದದ ಆಳು ಅಷ್ಟು ಬಗ್ಗುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದಿದ್ದೇನೆ. ಬೈದರೆ, ತಪ್ಪಾಯ್ತು ಅತ್ತಿಗೆ ಎನ್ನುತ್ತಿದ್ದ.

ಈಗ ಆ ದಿನಕ್ಕೆ ಬರುತ್ತೇನೆ. ತಾವು ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುವವರಿದ್ದಿರಿ. ಹೊರಗೆ ಇಪ್ಪತ್ತಮೂರು ಲಾರಿ ಮೆಕ್ಕೆಜೋಳ ಸಾಲುಗಟ್ಟಿ ನಿಂತಿತ್ತು. ಕಾಳನ್ನು ನೆಲದಿಂದ ಮೇಲಕ್ಕೆ ಹೊತ್ತೊಯ್ಯುವ ಬಕೆಟ್ ಬೆಲ್ಟು ಬೆಳಗಿನಿಂದ ಓಡುತ್ತಿತ್ತು. ಅದರ ಕೆಳಗಿನ ಬೇರಿಂಗು ಮೂರು ತಿಂಗಳಿಂದ ಕಿರುಗುಟ್ಟುತ್ತಿತ್ತು. ಹತ್ತಿರ ಕೈಯಿಟ್ಟರೆ ಒಲೆಯ ಪಕ್ಕ ಇಟ್ಟಂತೆ ಬಿಸಿ. ಅದನ್ನು ಬದಲಿಸಿ ಎಂದು ನಾನು ದೂರಿನ ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ, ಮೂರು ಸಲವೂ ಪಕ್ಕದಲ್ಲಿ "ಗಮನಿಸಲಾಗಿದೆ" ಎಂಬ ಸಹಿ ಬಿದ್ದಿದೆ. ಗಮನಿಸಿದ್ದು ನಿಜ. ಗಮನಿಸಿ ಸುಮ್ಮನಾದರು. ಮಧ್ಯಾಹ್ನದ ಊಟವಾದ ಮೇಲೆ ನಾನು ಮ್ಯಾನೇಜರರ ಬಳಿ ಹೋಗಿ, ಬೆಲ್ಟಿನ ಮೇಲಿನ ತೊಲೆಗಳು ಉಳಿದಿವೆ, ಎರಡು ಗಂಟೆ ಯಂತ್ರ ನಿಲ್ಲಿಸಿಕೊಡಿ ಎಂದು ಕೇಳಿದೆ. ಅವರು ಕಿಟಕಿಯಿಂದ ಲಾರಿಗಳ ಸಾಲು ತೋರಿಸಿದರು.

"ಬೆಲ್ಟು ನಿಲ್ಲಿಸೋದಾ? ನಾಳೆ ಸಾಹೇಬ್ರು ಬಂದಾಗ ಧೂಳೂ ಇರಬಾರ್ದು, ಲಾರೀನೂ ಇರಬಾರ್ದು. ಅದು ಹೇಗೆ ಮಾಡ್ತೀಯೋ ನೀನೇ ನೋಡ್ಕೋ" ಎಂದರು.

ನಾನು ನೋಡಿಕೊಂಡೆ. ಕೆಳಗಿಳಿದು ಬಂದು, ಪೈಪಿನ ತುದಿಯನ್ನು ನನ್ನ ಮೈದುನನ ಕೈಗೆ ಕೊಟ್ಟೆ.

ತಮ್ಮ ಹನ್ನೊಂದು ಪುಟದಲ್ಲಿ ಈ ಸಾಲು ಎಲ್ಲೂ ಇಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಅವನು ಪೈಪು ತೆಗೆದುಕೊಳ್ಳುವ ಮುಂಚೆ ಬೆಲ್ಟಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. "ಓಡ್ತಾ ಇದೆಯಲ್ಲ ಅತ್ತಿಗೆ" ಎಂದ. ಬೇಗ ಮುಗಿಸು ಎಂದೆ. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಎಷ್ಟೋ ಸಲ ಮಾಡಿದ್ದೆವು, ಏನೂ ಆಗಿರಲಿಲ್ಲ. ಏನೂ ಆಗದಿರುವುದನ್ನೇ ನಾವು ಸುರಕ್ಷತೆ ಎಂದುಕೊಂಡಿದ್ದೆವು, ತಾವೂ ಅದಕ್ಕೇ ಪ್ರಮಾಣಪತ್ರ ಕೊಡುತ್ತಿದ್ದಿರಿ. ಅವನು ಮೇಲೆ ಹತ್ತಿ ಗಾಳಿ ಬಿಟ್ಟ. ತೊಲೆಯ ಧೂಳು ಹಳದಿ ಮಂಜಿನಂತೆ ಇಳಿದು ಎದುರಿನ ಗೋಡೆ ಮರೆಯಾಯಿತು. ನಾನು ಕೆಮ್ಮುತ್ತಾ ಹೊರಬಾಗಿಲಿಗೆ ಬಂದು ನಿಂತೆ. ಬೆಲ್ಟಿನ ಬುಡದಲ್ಲಿ ಚೀಲ ಹೊಲಿಯುವ ಯಜಮಾನರು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕೊನೆಯ ನಾಲ್ಕು ಚೀಲ ಹೊಲಿಯುತ್ತಿದ್ದರು. ಮೊದಲು ಬೇರಿಂಗಿನ ಕಡೆ ಧಡ್ ಎಂದು ಸಣ್ಣ ಶಬ್ದ. ಅದರ ಕಂಪನಕ್ಕೆ ಉಳಿದ ತೊಲೆಗಳ ಧೂಳೆಲ್ಲ ಒಟ್ಟಿಗೆ ಉದುರಿತು. ಆಮೇಲೆ ಬಂದದ್ದಕ್ಕೆ ಶಬ್ದವಿತ್ತೋ ಇಲ್ಲವೋ ನನಗೆ ನೆನಪಿಲ್ಲ, ನಾನು ಅಂಗಳದಲ್ಲಿ ಬಿದ್ದಿದ್ದೆ, ಕಿವಿ ಕೇಳಿಸುತ್ತಿರಲಿಲ್ಲ. ಏಣಿ ತಾನಾಗಿಯೇ ನಡೆದು ಹೊರಗೆ ಬಂದ. ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದೆ ಚಾಚಿಕೊಂಡಿದ್ದ. ಯಜಮಾನರು ಬರಲಿಲ್ಲ.

ಮೂರನೆಯ ದಿನ ತಾವು ಬಂದಿರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಹಾಗೆ ಬಂದಿರಿ. ಗೋದಾಮಿನಲ್ಲಿ ಸುತ್ತಾಡಿ, "ಧೂಳಿನ ಶೇಖರಣೆ ಗಮನಾರ್ಹವಾಗಿ ಕಂಡುಬಂದಿಲ್ಲ" ಎಂದು ಐದನೆಯ ಪುಟದಲ್ಲಿ ಬರೆದಿದ್ದೀರಿ. ಹೇಗೆ ಕಂಡುಬರಬೇಕು, ಮಾನ್ಯರೇ? ಇದ್ದಬದ್ದ ಧೂಳೆಲ್ಲ ಸುಟ್ಟು ಹೋಗಿ, ಅದರ ಜೊತೆ ಒಬ್ಬ ಮನುಷ್ಯನೂ ಹೋಗಿದ್ದ. ನಮ್ಮ ಗೋದಾಮು ಅಷ್ಟು ಸ್ವಚ್ಛವಾಗಿ ಎಂದೂ ಇರಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋದಿರಿ. ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು, ಯಂತ್ರ ಓಡುವಾಗ ಗಾಳಿ ಹಿಡಿಯಬಾರದೆಂದು ಗೊತ್ತಿರಲಿಲ್ಲವೇ ಎಂದು ಕೇಳಿದಿರಿ. ತಮ್ಮ ಅಂಗಿ ಇಸ್ತ್ರಿಯದು. ಅವನು ಏನು ಹೇಳಿಯಾನು? "ತಪ್ಪಾಯ್ತು ಸಾರ್" ಎಂದ. ತಾವು ಎದ್ದು ಬಂದಿರಿ. ಒಂಬತ್ತನೆಯ ಪುಟದಲ್ಲಿ ಅದು ಹೀಗೆ ಅಚ್ಚಾಗಿದೆ: "ಗಾಯಾಳುವು ತನ್ನ ನಿರ್ಲಕ್ಷ್ಯವನ್ನು ಸ್ವಯಂಪ್ರೇರಣೆಯಿಂದ ಒಪ್ಪಿಕೊಂಡಿರುತ್ತಾನೆ." ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನ ಮಾತನ್ನು ತಪ್ಪೊಪ್ಪಿಗೆ ಮಾಡಿದಿರಿ. ಯಾರು ಹೇಳಿದ್ದರಿಂದ ಹಿಡಿದೆ, ಯಂತ್ರ ಯಾಕೆ ನಿಂತಿರಲಿಲ್ಲ, ಬೇರಿಂಗು ಯಾವಾಗಿನಿಂದ ಬಿಸಿಯಾಗುತ್ತಿತ್ತು, ಇವುಗಳಲ್ಲಿ ಒಂದನ್ನಾದರೂ ಕೇಳಿದ್ದರೆ ಆ ಕುರ್ಚಿ ಸವೆದು ಹೋಗುತ್ತಿತ್ತೇ?

ಸಿಬ್ಬಂದಿ ಕೊರತೆ ಎನ್ನುತ್ತೀರಿ, ನಲವತ್ತು ಗೋದಾಮಿಗೆ ತಾವೊಬ್ಬರೇ ಎನ್ನುತ್ತೀರಿ. ಒಪ್ಪಿದೆ. ಹೇಳಿ ಬರುವುದಕ್ಕೂ ಹೇಳದೆ ಬರುವುದಕ್ಕೂ ಅದೇ ಒಬ್ಬರು ಸಾಕಲ್ಲ? ಹೇಳದೆ ಬಂದರೆ ಒಂದು ಕಾಗದ, ಒಂದು ಅಂಚೆ ಉಳಿಯುತ್ತದೆ. ಪತ್ರ ಕಳಿಸುವುದು ನಿಯಮ ಎಂದೂ ಹೇಳಬಹುದು. ಯಂತ್ರ ನಿಲ್ಲಿಸುವುದೂ ನಿಯಮವೇ ಆಗಿತ್ತು. ನಮ್ಮ ತಲೆಯ ಮೇಲೆ ಬೀಳುವ ನಿಯಮಗಳು ಮಾತ್ರ ತಮಗೆ ನೆನಪಿರುತ್ತವೆ ಎಂದರೆ ನನಗೆ ಕೋಪ ಬರಬಾರದೇ?

ಮೊನ್ನೆ ನನ್ನ ಓರಗಿತ್ತಿ, ಅಂದರೆ ಏಣಿಯ ಹೆಂಡತಿ, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತು ವರದಿಯ ಪ್ರತಿಯನ್ನು ಓದಿದಳು. ಅವನಿಗೆ ಅದನ್ನು ಇನ್ನೂ ತೋರಿಸಿಲ್ಲ. ತೀರಿಕೊಂಡ ಯಜಮಾನರ ಮನೆಯವರು ನೋಡಲು ಬಂದು, ಬಾಗಿಲಲ್ಲೇ ನಿಂತು ಹೋದರು ಎಂದಳು. ಅವತ್ತಿನಿಂದ ಅವನು ಊಟ ಬೇಡ ಎನ್ನುತ್ತಿದ್ದಾನೆ, ಚಮಚ ಬಾಯಿಗೆ ತಂದರೆ ಮುಖ ತಿರುಗಿಸುತ್ತಾನೆ. ಆಮೇಲೆ ವರದಿಯನ್ನು ಮಡಚಿ ಕೇಳಿದಳು.

"ಅಕ್ಕಾ, ಅವರ ಕೈಗೆ ಪೈಪು ಕೊಟ್ಟಿದ್ದು ಯಾರು?"

"ನಾನೇ" ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಅದೇ ಸಂಜೆ ಮೈದುನನ ಪಕ್ಕ ಕೂತು ನನ್ನದೇ ತಪ್ಪು ಕಣೋ ಎಂದು ಬಾಯಿಬಿಟ್ಟು ಹೇಳಿದೆ. ಅವನು ನಂಬಲಿಲ್ಲ. "ನೀವು ಸಮಾಧಾನಕ್ಕೆ ಹೇಳ್ತೀರಿ ಅತ್ತಿಗೆ. ಸಾಹೇಬ್ರು ಕೇಳಿದ್ದು ನನ್ನನ್ನ ತಾನೇ" ಎಂದ. ನನ್ನ ಮಾತಿಗೆ ಮೊಹರಿಲ್ಲ, ನೋಡಿ.

ಇಷ್ಟೆಲ್ಲ ಆದ ಮೇಲೂ ನಮ್ಮ ಮಾಲೀಕರದೇ ಎರಡನೇ ಗೋದಾಮಿಗೆ ತಮ್ಮ ಪತ್ರ ಬಂದಿದೆ: ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ. ಅಲ್ಲಿ ಗುಡಿಸಾಟ ಶುರುವಾಗಿದೆ, ಬೆಲ್ಟು ಓಡುತ್ತಿದೆ. ಪೈಪು ಹಿಡಿಸಲು ನನ್ನನ್ನು ಕರೆದರು. ಆಗುವುದಿಲ್ಲ ಎಂದೆ. ಹಾಗಾಗಿ ಈಗ ಗೇಟಿನ ಹೊರಗಿದ್ದೇನೆ, ಬರೆಯಲು ಬಿಡುವು ಸಿಕ್ಕಿದೆ.

ಕೇಳುವುದು ಹೆಚ್ಚಿಲ್ಲ. ಹದಿನಾಲ್ಕರವರೆಗೆ ಕಾಯಬೇಡಿ, ಈ ಪತ್ರ ಓದಿದ ದಿನವೇ ಎದ್ದು ಬನ್ನಿ. ಮ್ಯಾನೇಜರರ ಕೋಣೆಗೆ ಹೋಗದೆ ನೇರ ಬೆಲ್ಟಿನ ಹತ್ತಿರ ಹೋಗಿ, ಯಂತ್ರ ನಿಲ್ಲಿಸಿ, ಬೇರಿಂಗಿನ ಬಿಸಿ ನೋಡಿ. ತೊಲೆಯ ಮೇಲೆ ಬೆರಳಾಡಿಸಿ. ಧೂಳು ಹೀರುವ ಯಂತ್ರ ಓಡುವುದನ್ನು ಕಣ್ಣಾರೆ ಕಾಣುವವರೆಗೆ ಕಾಳು ಇಳಿಸಲು ಬಿಡಬೇಡಿ. ಇನ್ನು ಮುಂದೆ ಎಂದೂ, ಯಾವ ಗೋದಾಮಿಗೂ ಬರುತ್ತೇವೆಂದು ಬರೆಯಬೇಡಿ.

ಮತ್ತೆ ಆ ಒಂಬತ್ತನೆಯ ಪುಟ. ಅದನ್ನು ಹರಿದು ಹೊಸದಾಗಿ ಬರೆಯಿರಿ. ಪೈಪು ಕೊಟ್ಟವಳು ನಾನು ಎಂದು ಮೊದಲ ಸಾಲಿನಲ್ಲಿ ಬರೆಯಿರಿ, ಸಹಿ ಹಾಕಲು ಎಲ್ಲಿಗೆ ಬೇಕಾದರೂ ಬರುತ್ತೇನೆ, ಶಿಕ್ಷೆಯಾದರೆ ಆಗಲಿ. ಬೆಲ್ಟು ನಿಲ್ಲಿಸದವರನ್ನು ಎರಡನೆಯ ಸಾಲಿನಲ್ಲಿ ಬರೆಯಿರಿ. ಮೂರನೆಯ ಸಾಲಿನಲ್ಲಿ ಯಾರನ್ನು ಬರೆಯಬೇಕೆಂದು ತಮಗೆ ಇಷ್ಟರಲ್ಲಿ ಹೊಳೆದಿರಬೇಕು. ಗುರುವಾರ ನನ್ನ ಮೈದುನನ ಕೈಕಟ್ಟು ಬಿಚ್ಚುತ್ತಾರೆ. ಬೆರಳು ಮಡಚಲು ಬರುತ್ತದೋ ಇಲ್ಲವೋ ನೋಡಲು ಏನಾದರೊಂದು ಹಿಡಿಯಲು ಕೊಡುತ್ತಾರಂತೆ. ಆ ಕೈಗೆ ನಾನು ಕೊನೆಯದಾಗಿ ಕೊಟ್ಟದ್ದು ಗಾಳಿ ಪೈಪು. ಗುರುವಾರ ಕೊಡಲು ತಮ್ಮ ಮೊಹರಿರುವ ಆ ಹೊಸ ಪುಟ ನನಗೆ ಬೇಕು.

ಇಂತಿ,
ತಾವು ಬರುತ್ತೀರೆಂದು ಹತ್ತೊಂಬತ್ತು ವರ್ಷ ಗುಡಿಸಿ,
ಗುಡಿಸಬಾರದ ರೀತಿಯಲ್ಲಿ ಗುಡಿಸಿ,
ಈಗ ಗೇಟಿನ ಹೊರಗೆ ನಿಂತಿರುವ
ಏಣಿಯ ಅತ್ತಿಗೆ